ದೀಪ ದೊಡ್ಡದು ಮಾಡಿ

“ಸಾ, ಇದ್ರಲ್ಲಿ ಮೇಲ್ಗಡೆ ಯಾವ್ದು?”

ಗುಂಡ್ಲುಪೇಟೆಯ ಫ್ರೇಮ್ ಅಂಗಡಿಯವನು ನನ್ನ ಹೆಂಡತಿಯ ಪೇಂಟಿಂಗನ್ನು ಎರಡು ಸುತ್ತು ತಿರುಗಿಸಿ ಕೇಳಿದ. ತಪ್ಪು ಅವನದಲ್ಲ. ವಾಲಿದ ಗೋಡೆಗಳು, ಹಸಿರು ಮುಖದ ಹೆಂಗಸು; ಅವಳ ಕೈಯ ಹಣತೆಯಿಂದ ಎದ್ದ ಹಳದಿ ಬಣ್ಣ ಸೂರನ್ನೂ ನುಂಗಿ ಕ್ಯಾನ್ವಾಸಿನ ಅಂಚಿನವರೆಗೆ ಹರಡಿದೆ. (ಎಕ್ಸ್‌ಪ್ರೆಷನಿಸಂ ಅಂದರೇನು ಅಂತ ಒಮ್ಮೆ ಕೇಳಿದ್ದೆ. “ಎದೆಗೆ ಹೆಂಗೆ ಕಾಣ್ತದೋ ಹಂಗೆ ಬರೆಯೋದು ಕಣ್ರೀ” ಅಂದಿದ್ದಳು.)

ಅವಳು ಚಾಮರಾಜನಗರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಆಗಿದ್ದಳು. ಹೀಗೆ ಹೇಳುವುದು ಇನ್ನೂ ರೂಢಿಯಾಗಿಲ್ಲ. ಕಾಯಿಲೆಯ ಕೊನೆಯ ತಿಂಗಳಲ್ಲಿ ಬರೆದ ಚಿತ್ರ ಇದು.

ಮೊಳೆ ಹೊಡೆಯಲು ಚಿತ್ರವನ್ನು ಮಗುಚಿದವನು ಹಿಂಭಾಗದಲ್ಲಿದ್ದ ಅವಳ ಪೆನ್ಸಿಲ್ ಅಕ್ಷರಗಳನ್ನು ಜೋರಾಗಿ ಓದಿದ: “ದೀಪ ದೊಡ್ಡದು ಮಾಡಿ.”

ಜೊತೆಗೆ ಬಂದಿದ್ದ ಬೇಗೂರಿನ ನನ್ನ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನಿಮಗೆ ಗೊತ್ತಲ್ಲ, ನಮ್ಮ ಮನೆಗಳಲ್ಲಿ ದೀಪ ‘ಆರಿಸು’ ಅನ್ನುವುದಿಲ್ಲ. ಅಶುಭ. ಆರಿಸಬೇಕಾದಾಗ ‘ದೊಡ್ಡದು ಮಾಡು’ ಅನ್ನುತ್ತೇವೆ.

“ಓಗ್ತೀನಿ ಅಂತ ಬರ್ದು ಮಡಗವ್ಳೆ ಕಣ್ಲಾ. ಇದ ಮನೇಲಿ ನೇತಾಕ್ಬ್ಯಾಡ ಬುಡು.”

“ಅಕ್ಕಾ, ಹೋಗೋಳು ಮೂರು ಟ್ಯೂಬ್ ಹಳದಿ ತರಿಸ್ತಾಳಾ?”

“ತಂದ್ಕೊಟ್ಯಲ್ಲ, ನಿನ್ಗೆ ಬುದ್ಧಿ ಇಲ್ಲ.”

ಅಂಗಡಿಯವನು ರಾಜಿಗೆ ಬಂದ. “ಹಿಂದ್ಗಡೆ ಒಂದು ಪೇಪರ್ ಅಂಟುಸ್ಬುಡ್ತೀನಿ ಅಕ್ಕೋರೆ. ಅಕ್ಸರ ಮುಚ್ಚೋಯ್ತದೆ.”

ಒಪ್ಪಿಬಿಡೋಣ ಅನ್ನಿಸಿತು. ನಿಜ ಹೇಳುತ್ತೇನೆ, ಅಕ್ಕ ಹೇಳಿದ ಅರ್ಥವೇ ಸರಿ ಇರಬಹುದು ಎಂಬ ಭಯ ನನಗೂ ಇತ್ತು. ಕೇಳೋಣವೆಂದರೆ ಅವಳಿಲ್ಲ. ಆದರೆ ಬೆರಳಿನಲ್ಲಿ ಶಕ್ತಿ ಇಲ್ಲದೆ ಬ್ರಷ್ಷನ್ನು ಕೈಗೆ ಬಟ್ಟೆಯಿಂದ ಕಟ್ಟಿಸಿಕೊಂಡು ಆ ಹಳದಿಯನ್ನು ಅಂಚಿನವರೆಗೆ ಎಳೆದದ್ದನ್ನು ನಾನು ನೋಡಿದ್ದೇನೆ. ಕಟ್ಟಿದವನೂ ನಾನೇ. ಆರಿಸಲು ಯಾರಾದರೂ ಇಷ್ಟು ಕಷ್ಟಪಡುತ್ತಾರೆಯೇ? ಬರೆದದ್ದನ್ನು ಬರೆದ ಹಾಗೇ ಓದಲು ನಾವೇಕೆ ಇಷ್ಟು ಹೆದರುತ್ತೇವೆ?

“ಪೇಪರ್ ಬೇಡ” ಅಂದೆ. “ಸತ್ತವರ ಫೋಟೊ ಕೆಳಗೆ ಜನನ, ಮರಣ ಅಂತ ಬರೀತೀರಲ್ಲ, ಆ ಜಾಗದಲ್ಲಿ ಈ ಮೂರು ಪದ ಬರೀರಿ. ದಪ್ಪ ಅಕ್ಷರದಲ್ಲಿ.”

ಬೇಗೂರಿನ ಬಸ್ ಹತ್ತುವಾಗ ಅಕ್ಕ ಅಂದಳು: “ಮಾಡ್ಬುಟ್ಟೆಯಲ್ಲ. ಅಪಶಕುನ ಕಣ್ಲಾ.”

ಚಿತ್ರ ಈಗ ನಡುಮನೆಯಲ್ಲಿ, ಬಂದವರಿಗೆಲ್ಲ ಮೊದಲು ಕಾಣುವ ಗೋಡೆಯ ಮೇಲಿದೆ.

ಅಪಶಕುನವಂತೆ. ಸಾವು ನಮ್ಮ ಮನೆಗೆ ಯಾರ ಶಕುನ ಕೇಳಿಕೊಂಡು ಬಂದಿತ್ತು?