ದಿನಕ್ಕೊಂದು ನಿಂಬೆಹಣ್ಣಿನ ಚೌಡಪ್ಪ

ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಬೆಳಕು ಹರಿಯುವ ಹೊತ್ತು. ಭದ್ರಾವತಿಗೆ ಹೊರಡುವ ಮೊದಲ ಬಸ್ಸಿನ ಡ್ರೈವರ್ ಚೌಡಪ್ಪ ಹತ್ತು ಮಾರು ಮುಂದೆ ನಡೆದು, ನೆಲದ ಮೇಲೊಂದು ನಿಂಬೆಹಣ್ಣು ಇಟ್ಟು ಬರುತ್ತಾರೆ. ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸಿ ಏರಿಸಿಕೊಳ್ಳುತ್ತಾರೆ. ಬಸ್ಸು ಗುರುಗುಟ್ಟುತ್ತ ಸರಿಯುತ್ತದೆ, ಎಡಗಡೆಯ ಮುಂಚಕ್ರ ಹಣ್ಣಿನ ಮೇಲೆಯೇ ಹಾಯುತ್ತದೆ. ಕಾದು ನಿಂತ ಕಬ್ಬಿಣದ ಕಾರ್ಖಾನೆಯ ಜನ ಕೈಮುಗಿದು ಹತ್ತುತ್ತಾರೆ. ದಿನಾ ಪೂಜೆ ಮಾಡುವ ಡ್ರೈವರ್ ಸಿಕ್ಕಿದ್ದು ತಮ್ಮ ಪುಣ್ಯ ಎಂದು ಅವರ ನಂಬಿಕೆ.

ಆದರೆ ಇದು ಪೂಜೆಯಲ್ಲ, ಪರೀಕ್ಷೆ. "ಬಲಗಡೆ ಚಕ್ರ ನನ್ನ ಕಾಲ ಹತ್ರಾನೇ ಇರುತ್ತೆ. ಎಡಗಡೇದು ಯಾವತ್ತೂ ಕಣ್ಣಿಗೆ ಬೀಳಲ್ಲ. ಕಾಣದೇ ಇರೋದು ಎಲ್ಲಿದೆ ಅಂತ ಗೊತ್ತಿರ್ಬೇಕು, ಅಷ್ಟೇ ನಮ್ಮ ವಿದ್ಯೆ" ಎನ್ನುತ್ತಾರೆ ಚೌಡಪ್ಪ. ಎಡ ಮಡ್‌ಗಾರ್ಡಿನ ಮೇಲೆ ಅವರದೊಂದು ಸುಣ್ಣದ ಬೊಟ್ಟಿದೆ. ಅದು ರಸ್ತೆಯ ಅಂಚಿಗೆ ತಾಗಿದಂತೆ ಕಂಡರೆ ಚಕ್ರ ಒಂದು ಮೊಳ ಒಳಗಿದೆ ಎಂದು ಲೆಕ್ಕ. ಹನ್ನೆರಡು ಮೈಲಿಯ ದಾರಿ, ದಿನಕ್ಕೆ ಮೂರು ಸಲ ಹೋಗಿ ಬರುವುದು. ಹದಿನಾಲ್ಕು ವರ್ಷ ಈ ಬೊಟ್ಟನ್ನೇ ನಂಬಿ ಓಡಿಸಿದರು.

ಹೋದ ದೀಪಾವಳಿ ಕಳೆದ ಮೇಲೆ ದೂರದ ಗಾಡಿಗಳು ಮಸುಕಾಗತೊಡಗಿದವು. ಒಂದು ಬೆಳಿಗ್ಗೆ ಎಮ್ಮೆಯೊಂದು ಗೇಣು ದೂರದಲ್ಲಿ ಬಚಾವಾಯಿತು. ತನ್ನ ಹುಳುಕನ್ನು ತಾನೇ ಹೇಳಿಕೊಳ್ಳುವವರು ಊರಲ್ಲಿ ಎಷ್ಟು ಮಂದಿ? ಚೌಡಪ್ಪ ತಾವಾಗಿಯೇ ಕಣ್ಣಿನ ಡಾಕ್ಟರ ಬಳಿ ಹೋಗಿ ಕನ್ನಡಕ ಹಾಕಿಸಿಕೊಂಡು ಬಂದರು.

ಅಲ್ಲಿಂದ ಶುರುವಾಯಿತು ಫಜೀತಿ. ಡ್ರೈವರ್ ಕನ್ನಡಕ ಹಾಕಿದ್ದನ್ನು ಕಂಡು, ಕಣ್ಣು ಕಾಣದವನ ಬಸ್ಸು ಬೇಡವೆಂದು ಮೊದಲ ದಿನವೇ ಹನ್ನೊಂದು ಜನ ಇಳಿದು ಹೋದರು. ಬಸ್ಸಿನ ಯಜಮಾನ ವೀರಪ್ಪನವರದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಮಾತು: "ಒಂದು ತಿಂಗಳು ನೋಡ್ತೀನಿ ಚೌಡಪ್ಪ. ಜನ ಹತ್ತಲಿಲ್ಲ ಅಂದ್ರೆ ಬೇರೆಯವರನ್ನ ಹುಡುಕ್ಬೇಕಾಗುತ್ತೆ ಮಾರಾಯ." ಸಾಲದ್ದಕ್ಕೆ ಗಾಜಿನೊಳಗಿಂದ ರಸ್ತೆಯೇ ಕಿರಿದಾಗಿ ಕಾಣುತ್ತಿತ್ತು, ಸುಣ್ಣದ ಬೊಟ್ಟು ಸುಳ್ಳು ಹೇಳುತ್ತಿತ್ತು.

ಭದ್ರಾವತಿ ಸಂತೆಗೆ ತರಕಾರಿ ಒಯ್ಯುವ ಕಾಶಮ್ಮ ಮಾತ್ರ ಇಳಿಯಲಿಲ್ಲ. ಆಕೆಯ ಬುಟ್ಟಿಯಿಂದ ಒಂದು ನಿಂಬೆಹಣ್ಣು ಕೇಳಿ ಪಡೆದು ಚೌಡಪ್ಪ ಹೊಸದಾಗಿ ಪಾಠ ಶುರುಮಾಡಿದರು. ಮೊದಲ ವಾರ ಹಣ್ಣು ಪಕ್ಕಕ್ಕೇ ಉಳಿಯಿತು. ಬೊಟ್ಟನ್ನು ಅಳಿಸಿ, ಎರಡು ಬೆರಳು ಒಳಗೆ ಇಟ್ಟ ಮೇಲೆ ಹಣ್ಣು ಅಪ್ಪಚ್ಚಿಯಾಯಿತು. ಹಣ್ಣು ಕಂಡ ಜನ ಪೂಜೆಯೆಂದುಕೊಂಡು ಒಬ್ಬೊಬ್ಬರಾಗಿ ಮರಳಿದರು.

ತಿಂಗಳ ಕೊನೆಗೆ ವೀರಪ್ಪನವರೇ ಬಂದು ಹಿಂದೆ ಕೂತರು. ಭದ್ರಾ ಸೇತುವೆಯ ಮೇಲೆ ಎದುರಿನಿಂದ ಇದ್ದಿಲ ಹೇರಿದ ಎತ್ತಿನ ಗಾಡಿ ಬರುತ್ತಿತ್ತು, ಗಾಡಿಯವನು ತೂಕಡಿಸುತ್ತಿದ್ದ. ಚೌಡಪ್ಪ ಸೇತುವೆಗೆ ಮುಂಚೆಯೇ ನಿಲ್ಲಿಸಿದರು.

"ಜಾಗ ಇತ್ತಲ್ಲ, ಯಾಕೆ ನಿಲ್ಲಿಸ್ದೆ?"

"ಚಕ್ರಕ್ಕೆ ಜಾಗ ಇತ್ತು ಯಜಮಾನ್ರೆ. ಗಾಡಿ ಅಚ್ಚಿನ ತುದಿ ಚಕ್ರದಿಂದ ಗೇಣುದ್ದ ಆಚೆ ಬಂದಿದೆ ನೋಡಿ."

ಗಾಡಿ ಹತ್ತಿರ ಬಂದಾಗ ವೀರಪ್ಪ ಬಗ್ಗಿ ನೋಡಿದರು, ಅಚ್ಚು ಚಾಚಿಕೊಂಡೇ ಇತ್ತು. ಮರುದಿನ ಬೆಳಿಗ್ಗೆ ತಮ್ಮ ತಾಯಿಯನ್ನು ಕರೆತಂದು ಮುಂದಿನ ಸೀಟಿನಲ್ಲಿ ಕೂರಿಸಿ ಹೋದರು. ಅದನ್ನು ಹೇಳುವಾಗ ಚೌಡಪ್ಪ ಕನ್ನಡಕ ತೆಗೆದು ಮತ್ತೆ ಒರೆಸುತ್ತಾರೆ.

"ಇವನ ಕಣ್ಣು ಚೆನ್ನಾಗಿರೋದಕ್ಕೆ ನನಗೆ ದಿನಕ್ಕೊಂದು ಹಣ್ಣು ದಂಡ" ಎಂದು ಕಾಶಮ್ಮ ಛೇಡಿಸುತ್ತಾಳೆ.

ಚೌಡಪ್ಪ ನಗುತ್ತಾರೆ. ಅವರಿಗಿರುವುದು ಒಂದೇ ಆಸೆ. "ಬೊಟ್ಟು ಎಲ್ಲಿಟ್ರೂ ಹಣ್ಣು ಪಕ್ಕಕ್ಕೇ ಉಳಿಯೋ ದಿನ ಬಂದ್ರೆ, ಯಾರೂ ಹೇಳೋಕ್ಮುಂಚೆ ನಾನೇ ಇಳಿದುಬಿಡ್ಬೇಕು."