ಬನ ಕಡಿಯಲು ನಾನು ಒಪ್ಪಲಿಲ್ಲ

ವಂಡ್ಸೆಯಿಂದ ಸ್ವಲ್ಪ ಒಳಗಿರುವ ನಮ್ಮ ಜಾಗಕ್ಕೆ ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳು ಬರುತ್ತಾರೆ. ಗೊಬ್ಬರ ಮಾಡುವುದು, ಬೀಜ ಎತ್ತಿಡುವುದು, ಮಳೆನೀರು ಇಂಗಿಸುವುದು ಎಲ್ಲವನ್ನೂ ಅವರ ಕೈಯಿಂದಲೇ ಮಾಡಿಸುತ್ತೇನೆ. ಮೊದಲ ದಿನ ಮಾತ್ರ ಹಾರೆ ಮುಟ್ಟಿಸುವುದಿಲ್ಲ. ಸೀದಾ ನಮ್ಮ ಕುಟುಂಬ ನಾಗನಿಗೆಂದೇ ಬಿಟ್ಟ ಕಾಡಿಗೆ, ನಾಗಬನಕ್ಕೆ ಕರೆದೊಯ್ದು, ಚಪ್ಪಲಿ ಬಿಡಿಸಿ, ಅಂಚಿನಲ್ಲಿ ನಿಲ್ಲಿಸುತ್ತೇನೆ. ಒಳಗಿನ ಒಂದು ಕಡ್ಡಿಯನ್ನೂ ಯಾರೂ ತರುವಂತಿಲ್ಲ. ತಲೆಮಾರುಗಳಿಂದ ಉದುರಿದ ಎಲೆ ಅಲ್ಲೇ ಕೊಳೆತು ಮಣ್ಣಾಗಿದೆ.

"ಟೀಚರೇ, ಇಲ್ಲ್ ನೀರ್ ಹಾಕೂದ್ ಯಾರ್?" ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಯಾರೂ ಹಾಕುವುದಿಲ್ಲ ಎಂದಾಗ ಆ ಮುಖಗಳನ್ನು ನೋಡಬೇಕು! ನನ್ನ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಆ ಬನವನ್ನು ಈಗ ಕಡಿಯಬೇಕಂತೆ.

ಅಕ್ಕನಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಮತ್ತೆ ಬಸುರಿಯಾದಾಗ ಮನೆಯವರು ಹೆದರಿ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದರು. ನಾಗ ಪಾಳು ಜಾಗದಲ್ಲಿದ್ದಾನೆ, ಜೀರ್ಣೋದ್ಧಾರ ಆಗಬೇಕು ಎಂದು ಬಂತು. ಮಾಡಿ, ಯಾರು ಬೇಡ ಎಂದರು? ಆದರೆ ಈಗ ನಮ್ಮ ಕಡೆ ಜೀರ್ಣೋದ್ಧಾರ ಎಂದರೆ ಮರ ಬೋಳಿಸಿ, ಗ್ರಾನೈಟ್ ಕಟ್ಟೆ ಕಟ್ಟಿ, ಸುತ್ತ ಇಂಟರ್‌ಲಾಕ್ ಇಟ್ಟಿಗೆ ಹಾಸುವುದು. ಹಾವಿಗೆ ಮನೆ ಕಟ್ಟಿಸುತ್ತೇವೆಂದು ಹಾವಿನ ಮನೆಯನ್ನೇ ಕೆಡವುವ ಜಾಣರು ನಾವು.

ಮುಂಬೈಯಲ್ಲಿ ಹೋಟೆಲ್ ಇಟ್ಟಿರುವ ದೊಡ್ಡಪ್ಪನ ಮಗ, ತಾನೇ ನಿಂತು ಎಲ್ಲ ಮಾಡಿಸುತ್ತೇನೆಂದು ರೈಲು ಹತ್ತಿ ಬಂದ. ಕುಟುಂಬದಲ್ಲಿ ಒಬ್ಬರ ಮನಸ್ಸು ಒಪ್ಪದಿದ್ದರೂ ನಾಗನ ಕೆಲಸಕ್ಕೆ ಕೈ ಹಾಕಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಹಾಗಾಗಿ ಚಾವಡಿಯಲ್ಲಿ ಎಲ್ಲರನ್ನೂ ಕೂರಿಸಿ ಒಬ್ಬೊಬ್ಬರನ್ನೇ ಕೇಳುತ್ತ ಬಂದರು.

"ಮರ ಕಡೂದಾರೆ ನಾ ಒಪ್ಪೂದಿಲ್ಲ" ಎಂದೆ.

"ಎಂತ ಹೆಣೆ, ನಿಂಗೆ ಮರ್ಲಾ?" ಎಂದು, ನನಗೆ ಹುಚ್ಚೇ ಹಿಡಿದಿದೆಯೆಂಬಂತೆ, ಮುಂಬೈಯ ಅಣ್ಣ ಎದ್ದೇ ನಿಂತ.

ನನ್ನ ಬಾಯಿಗೆ ಬೀಗವೆಲ್ಲಿ? "ಬಿಸ್ಲಲ್ ನಿನ್ ಗ್ರಾನೈಟ್ ಕಲ್ಲಿನ್ ಮೇಲ್ ನೀ ಒಂದ್ ಗಳ್ಗಿ ಕೂಕಂಡ್ ತೋರ್ಸ್ ಅಣ್ಣ. ಮತ್ತೆ ನಾಗನ್ನ ಕೂರ್ಸುವ."

ಯಾರೋ ಕಿಸಕ್ಕೆಂದರು. ಅಕ್ಕ ನಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕೇಳಿದಳು: "ನಿನ್ ಮರ ದೊಡ್ಡದಾ ಹೆಣೆ, ನನ್ ಮಗು ದೊಡ್ಡದಾ?"

ಮರಕ್ಕೂ ಮಗುವಿಗೂ ಸಂಬಂಧವಿಲ್ಲ ಎಂದು ಹೇಳಬಹುದಿತ್ತು. ಎರಡು ಸಲ ಬರಿಗೈಯಲ್ಲಿ ಆಸ್ಪತ್ರೆಯಿಂದ ಬಂದವಳ ಎದುರು ಅದನ್ನು ಹೇಳುವುದು ಹೇಗೆ? ಒಪ್ಪಿಗೆಯನ್ನೂ ಕೊಡಲಿಲ್ಲ. ಎಲ್ಲರೂ ಎದ್ದು ಹೋದರು.

ಅಂದಿನಿಂದ ಅಕ್ಕ ನನ್ನ ಹತ್ತಿರ ಮಾತಾಡುವುದಿಲ್ಲ. ಅಮ್ಮ ಬಡಿಸಿ ಸುಮ್ಮನೆ ಒಳಗೆ ಹೋಗುತ್ತಾಳೆ. ಮರಗಳು ನಿಂತಿವೆ, ಮಕ್ಕಳು ಬರುತ್ತಿದ್ದಾರೆ, ಅಕ್ಕನಿಗೆ ಏಳು ತಿಂಗಳು ತುಂಬಿದೆ. ಫೋನ್ ಬಂದರೆ ಎತ್ತುವ ಮೊದಲು ಯಾರದ್ದೆಂದು ಎರಡು ಸಲ ನೋಡುತ್ತೇನೆ. ನಾನು ಹಿಡಿದ ಹಠ ಸರಿಯೇ. ಆದರೆ ಏನಾದರೂ ಹೆಚ್ಚುಕಮ್ಮಿಯಾದರೆ ಅದು ಸರಿಯಿತ್ತೆಂದು ಆಮೇಲೆ ಯಾರೂ ನಂಬುವುದಿಲ್ಲ. ಬಹುಶಃ ನಾನೂ ನಂಬಲಾರೆ. ಇದು ಭಯಂಕರ ಹೆದರಿಕೆ ಮಾರಾಯ್ರೆ.

ಕಳೆದ ಶನಿವಾರ ಮಕ್ಕಳನ್ನು ಕಳಿಸಿ ಬನದ ಎದುರು ಒಬ್ಬಳೇ ನಿಂತೆ. ದೇವರ ಹತ್ತಿರ ಬೇಡಿ ಅಭ್ಯಾಸವಿಲ್ಲ. ಹೇಗೆ ಶುರು ಮಾಡಬೇಕೆಂದೂ ತಿಳಿಯಲಿಲ್ಲ.

"ಸಿಟ್ಟಿದ್ರೆ ನನ್ ಮೇಲ್ ತೀರ್ಸ್ಕೊ" ಎಂದೆ. "ಅವ್ಳ್ ಒಪ್ಪಿದ್ಲ್. ಒಪ್ದೇ ಇದ್ದವ್ಳ್ ನಾನ್."