ಗೋಡೆಗೆ ಒರಗಿ ನಿಂತ ಕಾಲುಗಳು

ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ, ಎಲ್ಲರೂ ಚಪ್ಪಲಿ ಬಿಡುವ ಜಾಗದಲ್ಲಿ, ಆಂಟಿ ಸ್ಟೂಲಿನ ಮೇಲೆ ಕೂತು ಮೊಣಕಾಲಿನ ಕೆಳಗೆ ಏನನ್ನೋ ಒತ್ತಿದರು. ಟಕ್ಕೆಂದಿತು. ಎಡಗಾಲನ್ನೇ ಬಿಚ್ಚಿ, ಕೆಂಪು ಶೂ ಸಮೇತ ಗೋಡೆಗೆ ಒರಗಿಸಿಟ್ಟರು. ಕೆಳಗಿನ ಮನೆಯ ಈ ಹಾಸನದ ಹೆಂಗಸನ್ನು ಎರಡು ವರ್ಷದಿಂದ ಲಿಫ್ಟಿನಲ್ಲಿ ನೋಡುತ್ತಿದ್ದೆ. ಒಂದು ಕಾಲು ಸಕ್ಕರೆ ಕಾಯಿಲೆಗೆ ಹೋಗಿದೆ ಎಂಬ ಸುಳಿವೇ ಇರಲಿಲ್ಲ.

"ಶೂ ಬಿಚ್ಚಿದ್ರೆ ಈ ಕಾಲು ಹಿಂದಕ್ಕೆ ವಾಲುತ್ತೆ ಕಣಪ್ಪ. ಶೂ ಹಾಕ್ಕೊಂಡು ನಿಮ್ಮನೆ ದೇವ್ರ ಮುಂದೆ ಬರಕ್ಕಾಗುತ್ತಾ? ಅದಕ್ಕೆ ಕಾಲನ್ನೇ ಬಿಟ್ಬಿಡ್ತೀನಿ" ಎನ್ನುತ್ತ ಗೋಡೆ ಹಿಡಿದು ಕುಪ್ಪಳಿಸಿಕೊಂಡು ಒಳಬಂದರು. ನನ್ನ ಹೆಂಡತಿಯೇ ಬೇಕೆಂದು ಕಾಫಿಗೆ ಕರೆದಿದ್ದಳು.

ನಾನು ಫ್ರೀವೇ ಹೆದ್ದಾರಿಯ ಅಪಘಾತದಲ್ಲಿ ಬಲಗಾಲು ಕಳೆದುಕೊಂಡು ಆಗ ಐದು ತಿಂಗಳಾಗಿತ್ತು. ಕೃತಕ ಕಾಲು ಕಪಾಟು ಸೇರಿತ್ತು. ಮಗಳು ರೂಮಿಗೆ ಬಂದರೆ ಹೊದಿಕೆ ಎಳೆದುಕೊಳ್ಳುತ್ತಿದ್ದೆ. ಅವಳು ಬರುವುದನ್ನೇ ಬಿಟ್ಟಿದ್ದಳು. ಇಲ್ಲದ ಕಾಲಿನ ಹೆಬ್ಬೆರಳು ದಿನವಿಡೀ ಉರಿಯುತ್ತಿತ್ತು.

"ಶನಿವಾರ ಓಕ್ಲ್ಯಾಂಡಿನ ಜಿಮ್ಮಿಗೆ ಬಾ, ವಾಲಿಬಾಲ್ ಆಡ್ತೀವಿ" ಎಂದರು ಆಂಟಿ. ನನಗೆ ಸಿಟ್ಟೇ ಬಂತು. ಹೆಂಡತಿ ಬಿಡಲಿಲ್ಲ, ಮಗಳನ್ನೂ ಕಾರಿಗೆ ಹತ್ತಿಸಿದಳು.

ಜಿಮ್ಮಿನ ಬಾಗಿಲಲ್ಲೇ ಗಾಲಿಕುರ್ಚಿ ನಿಲ್ಲಿಸಿಬಿಟ್ಟೆ. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟ ಹಾಗೆ ಗೋಡೆಯುದ್ದಕ್ಕೂ ಕಾಲುಗಳು! ಅವುಗಳ ಒಡೆಯರು ನೆಲದ ಮೇಲೆ ಕೂತು, ಗಿಡ್ಡ ನೆಟ್ಟಿನ ಆಚೀಚೆ ಜರುಗುತ್ತ ಚೆಂಡು ಹೊಡೆಯುತ್ತಿದ್ದರು. ಅರವತ್ತು ದಾಟಿದ ಆಂಟಿ ಕೈಯೂರಿ ಸರ್ರನೆ ಜಾರಿ, ಆರಡಿ ಆಳುಗಳು ಬಾರಿಸಿದ ಚೆಂಡನ್ನು ಎತ್ತಿಬಿಡುತ್ತಿದ್ದರು.

"ಇವ್ರೆಲ್ಲ ಕುರ್ಚಿ ಮೇಲೆ ಬೆಳ್ದೋರು. ನಾನು ಈಳಿಗೆಮಣೆ ಮುಂದೆ ಕೂತು ಬೆಳ್ದೋಳು. ನೆಲದ ಮೇಲೆ ನನ್ನ ಯಾರು ಸೋಲಿಸ್ತಾರೆ? ಇಳಿಯೋ, ಸಾಕು ಬಾಯಿ ಬಿಟ್ಕೊಂಡು ನೋಡಿದ್ದು!"

ಇಳಿದೆ. ಮೊದಲ ಚೆಂಡು ಮೂಗಿಗೇ ಬಡಿಯಿತು. ಮಗಳು ಬಿದ್ದು ಬಿದ್ದು ನಕ್ಕಳು. ಆಟ ಮುಗಿದ ಮೇಲೆ ಪಕ್ಕದಲ್ಲಿ ಕೂತು ನನ್ನ ಮೋಟುಗಾಲು ಮುಟ್ಟಿ, "ಡಸ್ ಇಟ್ ಹರ್ಟ್, ಅಪ್ಪ?" ಎಂದಳು. ಆಡಿದಷ್ಟು ಹೊತ್ತೂ ಹೆಬ್ಬೆರಳು ಉರಿದೇ ಇರಲಿಲ್ಲ ಎಂದು ಆಗ ಹೊಳೆದು ಬೆಚ್ಚಿದೆ. ಅಂದು ಎರಡೆರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಒಂದೆರಡು ತಿಂಗಳಲ್ಲಿ ಆ ಜಿಮ್ಮಿಗೆ ಕೃತಕ ಕಾಲಿನಲ್ಲೇ ನಡೆದು ಹೋಗತೊಡಗಿದೆ.

"ನಾನು ಸತ್ರೆ ಈ ಕಾಲನ್ನ ಸುಡಬೇಡಿ, ಆ ಸಾಲಲ್ಲೇ ನಿಲ್ಸಿ" ಎಂದು ಆಂಟಿ ತಮಾಷೆ ಮಾಡುತ್ತಿದ್ದರು. ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ಅವರ ಹೃದಯ ನಿಂತಿತು. ಎರಡು ದಿನದ ಹಿಂದಷ್ಟೇ ನನ್ನನ್ನು ಸೋಲಿಸಿ ಕೇಕೆ ಹಾಕಿದ್ದವರು. ನನಗೆ ಈಗಲೂ ನಂಬಲಾಗುತ್ತಿಲ್ಲ.

ಮುಂದಿನ ಶನಿವಾರ ಜಿಮ್ಮಿನ ಗೋಡೆಯ ಬಳಿ ಕೆಂಪು ಶೂ ತೊಟ್ಟ ಆಂಟಿಯ ಕಾಲು ಕಂಡಿತು. ಅವರ ಮಗ ತಂದು ನಿಲ್ಲಿಸಿದ್ದ. ನನ್ನ ಕಾಲು ಬಿಚ್ಚಿ ಅದರ ಪಕ್ಕದಲ್ಲಿಟ್ಟು ನೆಲಕ್ಕಿಳಿದೆ.